‘ಮರಳಿ ಮಣ್ಣಿಗೆ’ಯಲ್ಲಿ ಹೆಂಗಸರ ದುಡಿಮೆ

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ 1941ರಲ್ಲಿ ಪ್ರಕಟವಾಯಿತು. ಅಂದಿನಿಂದ ಇಂದಿನ ತನಕ ಅದನ್ನು ಕುರಿತು ಬಂದ ಮಾತು ಸ್ವಲ್ಪವಲ್ಲ. ಮೂರು ತಲೆಮಾರುಗಳ ಕಥೆಯೆಂದೂ, ಕಡಲು ಹೊಳೆಗಳ ನಡುವಣ ಹಳ್ಳಿಬಾಳಿನ ವಿಸ್ತಾರವಾದ ಚಿತ್ರವೆಂದೂ, ಪಟ್ಟಣಕ್ಕೆ ಹೋದವನು ಹುಟ್ಟಿದ ನೆಲಕ್ಕೆ ಮರಳುವ ವೃತ್ತಾಂತವೆಂದೂ ವಿಮರ್ಶಕರು ಅದನ್ನು ವರ್ಣಿಸಿದ್ದಾರೆ. ಇವಾವುವೂ ತಪ್ಪಲ್ಲ. ಆದರೆ ನಮ್ಮ ತರಗತಿಗಳಲ್ಲಿ ಈ ಕಾದಂಬರಿಯ ಸ್ತ್ರೀಪಾತ್ರಗಳನ್ನು ಕುರಿತು ಬರೆಯುವ, ಬರೆಯಿಸುವ ಟಿಪ್ಪಣಿಗಳನ್ನು ನೋಡಿದಾಗ ಒಂದು ಕೊರತೆ ಎದ್ದು ಕಾಣುತ್ತದೆ. ಪಾರೋತಿ ‘ಸಹನೆಯ ಮೂರ್ತಿ’, ಸರಸೋತಿ ‘ತ್ಯಾಗಮಯಿ’, ನಾಗವೇಣಿ ‘ಮನೆಯ ದೀಪ’. ಇಷ್ಟು ಬರೆದರೆ ಉತ್ತರ ಪೂರ್ತಿಯಾಯಿತೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ವಿಶೇಷಣಗಳನ್ನು ಬರೆದ ಕೂಡಲೆ ಆ ಹೆಂಗಸರು ಬೆಳಗಿನಿಂದ ಬೈಗಿನ ತನಕ ಮಾಡಿದ ಕೆಲಸ ಕಣ್ಮರೆಯಾಗುತ್ತದೆ. ಸದ್ಗುಣದ ಹೆಸರಿಟ್ಟು ದುಡಿಮೆಯನ್ನು ಮರೆಯಿಸುವ ಈ ರೂಢಿಯನ್ನು ಪರೀಕ್ಷಿಸುವುದೇ ನಮ್ಮ ಉದ್ದೇಶ.

ಕಾದಂಬರಿಯ ನೆಲ ನಮಗೆ ಹೊರಗಿನದಲ್ಲ. ಕೋಟದ ಬಳಿಯ ಕೋಡಿಯೂ ನಮ್ಮ ಕಾಸರಗೋಡೂ 1956ರ ನವೆಂಬರ್ 1ರ ತನಕ ಒಂದೇ ದಕ್ಷಿಣ ಕನ್ನಡ ಜಿಲ್ಲೆಯ ಎರಡು ಕಡೆಗಳಾಗಿದ್ದುವು. ಅದೇ ಮರಳು, ಅದೇ ಉಪ್ಪುನೀರಿನ ಗದ್ದೆ, ಅದೇ ಮಳೆಗಾಲ. ಆದಕಾರಣ ಅಲ್ಲಿಯ ಕೆಲಸದ ವಿವರಗಳನ್ನು ನಮ್ಮ ವಿದ್ಯಾರ್ಥಿಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ರಾಮ ಐತಾಳರು ಪೌರೋಹಿತ್ಯಕ್ಕಾಗಿ ಮನೆಯಿಂದ ಹೊರಗೆ ತಿರುಗಾಡುವವರು. ಅವರ ಮನೆ ನಿಂತದ್ದು ಹೆಂಡತಿ ಪಾರೋತಿ, ವಿಧವೆಯಾದ ತಂಗಿ ಸರಸೋತಿ, ಇವರಿಬ್ಬರ ತೋಳಬಲದ ಮೇಲೆ. ಗದ್ದೆಗೆ ಗೊಬ್ಬರ ಹೊರುವವರು ಅವರು. ಹಿತ್ತಿಲ ಕಾಯಿಪಲ್ಯಕ್ಕೆ ನೀರೆರೆಯುವವರು ಅವರು. ಮಳೆಗಾಲದಲ್ಲಿ ಹೊಳೆ ತೇಲಿಸಿ ತರುವ ಕಟ್ಟಿಗೆಯನ್ನು ನೀರಿಗಿಳಿದು ಹಿಡಿಯುವವರು ಅವರು. ಇಷ್ಟಾದ ಮೇಲೆ ಒಲೆಯ ಮುಂದೆ ಕೂರುವವರೂ ಅವರೇ. ‘ಹೆಂಗಸು ಮನೆಯೊಳಗೆ, ಗಂಡಸು ಹೊರಗೆ’ ಎಂದು ನಾವು ಬಾಯಿಪಾಠ ಮಾಡಿದ ಸೂತ್ರವನ್ನು ಈ ಕಾದಂಬರಿಯ ಮೊದಲ ಭಾಗವೇ ಸುಳ್ಳು ಮಾಡುತ್ತದೆ. ಹಳ್ಳಿಯ ಹೆಂಗಸು ಎಂದೂ ಬರಿಯ ಒಳಗಿನವಳಾಗಿರಲಿಲ್ಲ. ಅವಳು ಒಳಗೂ ಹೊರಗೂ ದುಡಿದಳು. ಗಂಡಸು ಒಳಗೆ ದುಡಿಯಲಿಲ್ಲ. ವ್ಯತ್ಯಾಸವಿರುವುದು ಇಲ್ಲಿ.

ಹಾಗಾದರೆ ಇಷ್ಟು ದುಡಿದ ಪಾರೋತಿಗೆ ಆ ಮನೆಯಲ್ಲಿ ದಕ್ಕಿದ್ದೇನು? ಮಕ್ಕಳಾಗಲಿಲ್ಲವೆಂಬ ಕಾರಣಕ್ಕೆ ಐತಾಳರು ಸತ್ಯಭಾಮೆಯನ್ನು ಮದುವೆಯಾಗುತ್ತಾರೆ. ಮನೆಯ ಅತಿ ದೊಡ್ಡ ತೀರ್ಮಾನ ಅದು. ಆ ತೀರ್ಮಾನದ ತಕ್ಕಡಿಯಲ್ಲಿ ಪಾರೋತಿಯ ಬೆವರಿಗೆ ತೂಕವಿರಲಿಲ್ಲ. ಸವತಿ ಬಂದ ಮೇಲೂ ಅವಳ ಕೆಲಸ ನಿಲ್ಲಲಿಲ್ಲ. ಸವತಿಯ ಮಗ ಲಚ್ಚನನ್ನು ಅಕ್ಕರೆಯಿಂದ ಸಾಕಿದಳು. ಕಾರಂತರು ಇದನ್ನು ಎಲ್ಲಿಯೂ ಗಟ್ಟಿದನಿಯಲ್ಲಿ ದೂರುವುದಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತಾರೆ. ಆದರೆ ಓದುಗನಾದವನು ಒಂದನ್ನು ಗಮನಿಸಲೇಬೇಕು. ದುಡಿಮೆ ಬೇರೆ, ಗಳಿಕೆ ಬೇರೆ, ಒಡೆತನ ಬೇರೆ, ತೀರ್ಮಾನದ ಅಧಿಕಾರ ಬೇರೆ. ಮೊದಲನೆಯದು ಪಾರೋತಿಯ ಪಾಲಿಗೆ ತುಂಬಿ ಬಂದಿತು. ಉಳಿದ ಮೂರು ಬರಲಿಲ್ಲ. ಹೆಂಗಸು ದುಡಿದರೆ ಸ್ವತಂತ್ರಳಾಗುತ್ತಾಳೆಂದು ನಾವು ಸುಲಭವಾಗಿ ಹೇಳುತ್ತೇವೆ. ದುಡಿಮೆಯೊಂದೇ ಸ್ವಾತಂತ್ರ್ಯವನ್ನು ತರುವುದಾಗಿದ್ದರೆ ಪಾರೋತಿ ಸರಸೋತಿಯರಿಗಿಂತ ಸ್ವತಂತ್ರರು ಆ ಊರಿನಲ್ಲಿ ಇರುತ್ತಿರಲಿಲ್ಲ.

ಇದೇ ಕಾದಂಬರಿಯಲ್ಲಿ ನೆರೆಮನೆಯ ಇನ್ನೊಂದು ಒಲೆಯ ಕಥೆಯಿದೆ. ಶೀನಮಯ್ಯರ ಮನೆತನ ಬೆಂಗಳೂರಿನ ಹೋಟೆಲಿನಿಂದ ಹಣ ಕಂಡಿತು. ಆ ಹಣದ ಮೆರವಣಿಗೆಯನ್ನು ನೋಡಿ ಐತಾಳರಲ್ಲಿ ಹುಟ್ಟಿದ ಪೈಪೋಟಿ ಕಥೆಯನ್ನು ಬಹುದೂರ ನಡೆಯಿಸುತ್ತದೆ. ಹೋಟೆಲಿನಲ್ಲಿ ನಡೆಯುವುದು ಅಡುಗೆಯಲ್ಲದೆ ಮತ್ತೇನು? ಅಕ್ಕಿ ನೆನೆಹಾಕುವುದು, ರುಬ್ಬುವುದು, ಬೇಯಿಸುವುದು, ಬಡಿಸುವುದು, ಪಾತ್ರೆ ತೊಳೆಯುವುದು. ಕೋಡಿಯ ಮನೆಯಲ್ಲಿ ಹೆಂಗಸು ಮಾಡಿದಾಗ ಇದಕ್ಕೆ ಹೆಸರೂ ಇಲ್ಲ, ಬೆಲೆಯೂ ಇಲ್ಲ. ಬೆಂಗಳೂರಿನ ಬೀದಿಯಲ್ಲಿ ಗಂಡಸು ಮಾಡಿದಾಗ ಅದು ಉದ್ಯೋಗ, ಬಂಡವಾಳ, ಮನೆತನದ ಪ್ರತಿಷ್ಠೆ. ಬೆಂಕಿ ಅದೇ, ಅಕ್ಕಿ ಅದೇ. ಅಡುಗೆ ಗಂಡಸಿನ ಕೈಗೆ ಒಗ್ಗದ ಕೆಲಸವೆಂಬ ವಾದ ನಮ್ಮ ಕರಾವಳಿಯಲ್ಲಂತೂ ನಿಲ್ಲುವಂತಿಲ್ಲ. ಊರೂರುಗಳಲ್ಲಿ ಹೋಟೆಲು ಇಟ್ಟವರೂ, ಮದುವೆಯ ಮನೆಗಳಲ್ಲಿ ನೂರಾರು ಜನರಿಗೆ ಬೇಯಿಸಿ ಹಾಕಿದವರೂ ಈ ಕಡೆಯ ಗಂಡಸರೇ. ಅವರು ಹಣಕ್ಕಾಗಿ ಸೌಟು ಹಿಡಿದರು, ಮನೆಯಲ್ಲಿ ಹಿಡಿಯಲಿಲ್ಲ. ಆದುದರಿಂದ ಮನೆಗೆಲಸದ ಹಂಚಿಕೆಗೆ ಕಾರಣ ಬಲ್ಲಿಕೆಯಲ್ಲ, ಮರ್ಯಾದೆಯ ಕಲ್ಪನೆ. ಈ ಎರಡು ಒಲೆಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟದ್ದು ಕಾರಂತರ ಲೋಕಾನುಭವಕ್ಕೆ ಸಾಕ್ಷಿ. ಅವನ್ನು ಜೋಡಿಸಿ ಓದಬೇಕಾದದ್ದು ನಮ್ಮ ಕೆಲಸ.

ಎರಡನೆಯ ತಲೆಮಾರಿಗೆ ಬಂದರೆ ನಾಗವೇಣಿಯನ್ನು ಕಾಣುತ್ತೇವೆ. ಓದಿದ ಗಂಡ ಲಚ್ಚ ದುರ್ವ್ಯಸನಗಳಿಗೆ ಬಿದ್ದು ತನ್ನನ್ನೂ ಕೆಡಿಸಿಕೊಂಡು ಮನೆಯನ್ನೂ ಕೆಡಿಸುತ್ತಾನೆ. ಮಗನಲ್ಲಿ ಭರವಸೆಗೆಟ್ಟ ಐತಾಳರಿಗೆ ಕಡೆಗೆ ನಂಬಿಕೆಗೆ ತಕ್ಕವಳಾಗಿ ಕಂಡವಳು ಸೊಸೆ. ಆದರೂ ಮನೆತನದ ಆಸ್ತಿ ಲಚ್ಚನ ಕೈಯಲ್ಲಿ ಕರಗಿಹೋಗುತ್ತದೆ. ಹಿರಿಯರ ನಂಬಿಕೆಯಿಂದಾಗಲಿ ಬರಿಯ ಒಳ್ಳೆಯತನದಿಂದಾಗಲಿ ಹೆಂಗಸಿಗೆ ನೆಲ ದಕ್ಕುವುದಿಲ್ಲವೆಂಬ ಕಹಿಯಾದ ಸತ್ಯವನ್ನು ಕಾದಂಬರಿ ಇಲ್ಲಿ ಹೇಳುತ್ತದೆ. ಇದು ಇಂದಿಗೂ ಸಲ್ಲುವ ಮಾತು. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಬಂದ ತಿದ್ದುಪಡಿ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನ ಸಮಾನವಾದ ಹಕ್ಕನ್ನು ಕೊಟ್ಟಿತು. ಆದರೆ ಪತ್ರದಲ್ಲಿ ಹೆಸರು ಬರುವುದಕ್ಕೂ, ಆ ಪತ್ರವನ್ನು ಮುಂದಿಟ್ಟು ‘ಇದಕ್ಕೆ ನಾನು ರುಜು ಹಾಕುವುದಿಲ್ಲ’ ಎಂದು ಹೇಳುವ ಧೈರ್ಯಕ್ಕೂ ನಡುವೆ ಬಹಳ ಅಂತರವಿದೆ. ಆ ಅಂತರವನ್ನು ದಾಟಿಸುವುದು ಮನೆಯೊಳಗಣ ಸಂಬಂಧಗಳು ಬದಲಾದಾಗ ಮಾತ್ರ.

ಇಷ್ಟೆಲ್ಲವನ್ನೂ ಕಂಡ ಕಾರಂತರಲ್ಲಿ ನಾವು ತೋರಿಸಬೇಕಾದ ಒಂದು ಮಿತಿಯೂ ಇದೆ. ನಾಗವೇಣಿಯ ಸಂಕಟಕ್ಕೆ ಪಿಟೀಲಿನ ನಾದ ಸಮಾಧಾನವಾಗುತ್ತದೆ. ಸರಸೋತಿಯ ಬಾಳಿಗೆ ಅವಳ ಸ್ಥೈರ್ಯವೇ ಫಲವಾಗುತ್ತದೆ. ಮೂರನೆಯ ತಲೆಮಾರಿನ ರಾಮ ಓದು, ಚಳವಳಿ, ಸೆರೆಮನೆ, ಪಟ್ಟಣಗಳನ್ನು ಕಂಡು ತಾಯಿಯಿರುವ ಮಣ್ಣಿಗೆ ಮರಳುತ್ತಾನೆ. ವಿದ್ಯಾವಂತನಾದ ಗಂಡಸು ಮಣ್ಣಿನ ಕೆಲಸವನ್ನು ಕೀಳೆಂದು ಕಾಣಬಾರದೆಂಬ ಪಾಠ ಅಲ್ಲಿ ಸ್ಪಷ್ಟವಾಗಿದೆ. ಆದರೆ ಮಣ್ಣಿಗೆ ಮರಳಿದವನು ಒಲೆಗೂ ಬಂದನೇ, ನೀರು ಸೇದುವ ಹಗ್ಗಕ್ಕೂ ಕೈಯಿಟ್ಟನೇ ಎಂಬುದನ್ನು ಕಾದಂಬರಿ ಮುಖ್ಯವಾದ ಪ್ರಶ್ನೆಯಾಗಿ ಎತ್ತಿಕೊಳ್ಳುವುದಿಲ್ಲ. 1941ರ ಕೃತಿಯಲ್ಲಿ ಇಂದಿನ ಉತ್ತರವನ್ನು ಹುಡುಕುವುದು ನ್ಯಾಯವಲ್ಲವೆಂದು ಕೆಲವರು ಹೇಳಬಹುದು. ಉತ್ತರವನ್ನು ನಾವೂ ಬೇಡುವುದಿಲ್ಲ. ಹೆಂಗಸರ ಸ್ಥೈರ್ಯವನ್ನು ಇಷ್ಟು ಆದರದಿಂದ ಬರೆದಾಗ, ಆ ಸ್ಥೈರ್ಯದ ಅಗತ್ಯವನ್ನು ಹುಟ್ಟಿಸಿದ ವ್ಯವಸ್ಥೆಯ ಮೇಲಣ ಕೋಪ ಕೊಂಚ ತಣ್ಣಗಾಗುತ್ತದೆ ಎಂಬಷ್ಟೇ ನಮ್ಮ ಆಕ್ಷೇಪ.

ಕೈಗೆ ಕೂಲಿ ಬಂದ ಮಾತ್ರಕ್ಕೆ ಎಲ್ಲವೂ ನೆಟ್ಟಗಾಗುವುದೆಂಬ ನಂಬಿಕೆಗೆ ಕಾರಂತರ ‘ಚೋಮನ ದುಡಿ’ಯೇ ಉತ್ತರ. 1933ರ ಆ ಕಾದಂಬರಿಯಲ್ಲಿ ತಂದೆಯ ಸಾಲ ತೀರಿಸಲು ಬೆಳ್ಳಿ ತೋಟದ ಕೆಲಸಕ್ಕೆ ಹೋಗುತ್ತಾಳೆ. ಮನೆಯ ಗಂಡುಮಕ್ಕಳಿಂದ ತೀರದ ಸಾಲವನ್ನು ಅವಳು ತೀರಿಸಬೇಕಾಯಿತು. ತೀರಿದ ಬಗೆ ಮಾತ್ರ ಅವಳ ಮೈಯ ಮೇಲಣ ಅನ್ಯಾಯ. ದುಡಿಯುವ ಜಾಗದಲ್ಲಿ ರಕ್ಷಣೆಯಿಲ್ಲದೆ, ಜಾತಿಯ ತುಳಿತದಿಂದ ಬಿಡುಗಡೆಯಿಲ್ಲದೆ ಬರುವ ಕೂಲಿಯನ್ನು ಸ್ವಾತಂತ್ರ್ಯವೆಂದು ಕರೆಯಲು ಯಾವ ಓದುಗನಿಗೂ ನಾಲಿಗೆ ಏಳದು.

ಇನ್ನು ನಮ್ಮದೇ ಹೊಳೆಯ ದಂಡೆಯ ಕೃತಿಯೊಂದನ್ನು ನೆನೆಯದೆ ಈ ವಿಚಾರ ಪೂರ್ಣವಾಗದು. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾ ಗಂಡನನ್ನು ಪ್ರೀತಿಸುತ್ತಾಳೆ. ಗಂಡ ರಶೀದನೂ ಅವಳನ್ನು ಪ್ರೀತಿಸುತ್ತಾನೆ. ಹಾಗಿದ್ದೂ ತಂದೆ ಮಹಮ್ಮದ್ ಖಾನನ ಹಟದಿಂದ ಆ ಸಂಸಾರ ಮುರಿದುಬೀಳುತ್ತದೆ. ತಾಯಿ ಫಾತಿಮ್ಮಾ ಮಗಳ ನೋವನ್ನು ಬಲ್ಲಳು, ತಡೆಯಲಾರಳು. ನಾದಿರಾಳ ಕಥೆಯನ್ನು ಸಾಮಾನ್ಯವಾಗಿ ವಿವಾಹವಿಚ್ಛೇದನದ ನಿಯಮಗಳ ಸಮಸ್ಯೆಯಾಗಿ ಮಾತ್ರ ಓದುತ್ತೇವೆ. ಅದು ಹೌದು. ಆದರೆ ಇನ್ನೊಂದನ್ನೂ ಕೇಳಬೇಕು: ತಾಯಿಗಾಗಲಿ ಮಗಳಿಗಾಗಲಿ ಆ ಮನೆಯ ಹೊರಗೆ ನಿಲ್ಲಲು ತಮ್ಮದೆಂಬ ಒಂದು ಗಳಿಕೆ, ತಮ್ಮದೆಂಬ ಒಂದು ಸೂರು ಇದ್ದಿದ್ದರೆ ಖಾನನ ಹಟಕ್ಕೆ ಅಷ್ಟು ಬಲ ಇರುತ್ತಿತ್ತೇ? ಪಾರೋತಿಗೆ ದುಡಿಮೆಯಿತ್ತು, ಮಾತಿರಲಿಲ್ಲ. ಬೆಳ್ಳಿಗೆ ಕೂಲಿಯಿತ್ತು, ರಕ್ಷಣೆಯಿರಲಿಲ್ಲ. ನಾದಿರಾಳಿಗೆ ಪ್ರೀತಿಯಿತ್ತು, ನಿಲ್ಲಲು ನೆಲೆಯಿರಲಿಲ್ಲ. ಬೇರೆ ಬೇರೆ ಜಾತಿ ಮತಗಳ ಈ ಮೂವರೂ ಒಂದೇ ಕೊರತೆಯ ಮೂರು ಮುಖಗಳು.

ಕೃತಿಗಳಿಂದ ಕಣ್ಣೆತ್ತಿ ನಮ್ಮ ಸುತ್ತ ನೋಡೋಣ. ಈ ಸೀಮೆಯಲ್ಲಿ ಎಷ್ಟೋ ಮನೆಗಳ ಮಕ್ಕಳ ಫೀಸು ಕಟ್ಟಿದ್ದು ತಾಯಂದಿರು ಮೊರವನ್ನು ತೊಡೆಯ ಮೇಲಿಟ್ಟು ಕಟ್ಟಿದ ಬೀಡಿಯಿಂದ. 1966ರ ಬೀಡಿ ಕೆಲಸಗಾರರ ಕಾಯಿದೆ ಮನೆಯಲ್ಲಿಯೇ ಕಟ್ಟುವವರನ್ನೂ ಕಾರ್ಮಿಕರೆಂದು ಒಳಗೊಂಡಿತು. ಆದರೆ ಕೆಲಸ ಮನೆಯಲ್ಲಿಯೇ ನಡೆದುದರಿಂದ ಅದು ಕೆಲಸವೆಂದು ಮನೆಯವರ ಕಣ್ಣಿಗೆ ಬೀಳಲಿಲ್ಲ; ಬೀಡಿಯ ನಡುವೆ ಒಲೆ, ಒಲೆಯ ನಡುವೆ ಬೀಡಿ. ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀ ಇನ್ನೊಂದು ದಾರಿ ಹಿಡಿಯಿತು. ಮನೆಗೊಬ್ಬಳಂತೆ ನೆರೆಯ ಹೆಂಗಸರು ಅಯಲ್ಕೂಟದಲ್ಲಿ ಸೇರಿ ಉಳಿತಾಯ ಮಾಡಿದರು, ತಮ್ಮೊಳಗೇ ಸಾಲ ಕೊಟ್ಟರು, ಲೆಕ್ಕ ಬರೆದರು, ಗುಂಪಾಗಿ ಗೇಣಿಗೆ ಗದ್ದೆ ಹಿಡಿದರು. ಇಲ್ಲಿ ಹಣಕ್ಕಿಂತ ಹೆಚ್ಚಾಗಿ ನಾವು ಬೆಲೆ ಕಟ್ಟಬೇಕಾದದ್ದು ಲೆಕ್ಕದ ಪುಸ್ತಕಕ್ಕೆ ಮತ್ತು ವಾರಕ್ಕೊಮ್ಮೆ ಮನೆಯಿಂದ ಎದ್ದು ಹೋಗಿ ಕೂರುವ ಆ ಒಂದು ಗಳಿಗೆಗೆ. ಪಾರೋತಿಗೆ ಇಲ್ಲದಿದ್ದುದು ಅದೇ.

ಆದರೆ ಹೊರಗಿನ ಕೂಟ ಬೆಳೆದಷ್ಟು ಒಳಗಿನ ಹಂಚಿಕೆ ಬದಲಾಗಿಲ್ಲ. ಭಾರತ ಸರಕಾರದ ಕಾಲಬಳಕೆಯ ಸಮೀಕ್ಷೆ 2019ರಲ್ಲಿ ಕಂಡಂತೆ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ತೊಡಗಿದ ಗಂಡಸರು 97 ನಿಮಿಷಗಳನ್ನೂ ಅದಕ್ಕೆ ಕೊಟ್ಟರು. 2024ರ ಸಮೀಕ್ಷೆಯಲ್ಲಿ ಈ ಅಂಕಿಗಳು 289 ಮತ್ತು 88. ಹೆಂಗಸರ ಹೊತ್ತು ಹತ್ತು ನಿಮಿಷ ಇಳಿಯಿತು. ಗಂಡಸರ ಹೊತ್ತೂ ಒಂಬತ್ತು ನಿಮಿಷ ಇಳಿಯಿತು. ಅವರು ಇಳಿಸಿದ ಹೊರೆಯನ್ನು ಇವರು ಎತ್ತಿಕೊಂಡರೆಂದು ಹೇಳಲು ಇಲ್ಲಿ ಆಧಾರವಿಲ್ಲ. ಹೊರಗಿನ ಗಳಿಕೆ ಹೆಚ್ಚಿ ಒಳಗಿನ ಕೆಲಸ ಹಂಚಿಕೆಯಾಗದಿದ್ದರೆ ಹೆಂಗಸಿಗೆ ಸಿಗುವುದು ಬಿಡುಗಡೆಯಲ್ಲ, ಎರಡನೆಯ ಪಾಳಿ.

ಸಾಹಿತ್ಯವನ್ನು ಹೀಗೆ ದುಡ್ಡು, ದುಡಿಮೆ, ನಿಮಿಷಗಳ ಲೆಕ್ಕಕ್ಕೆ ಇಳಿಸಬಹುದೇ, ರಸದ ಗತಿಯೇನು ಎಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ಉತ್ತರ ಸರಳವಾದದ್ದು. ಹೊಳೆಗಿಳಿದು ಕಟ್ಟಿಗೆ ಹಿಡಿಯುವ ಇಬ್ಬರು ಹೆಂಗಸರನ್ನು ನಾವು ಹೊರಗಿನಿಂದ ತಂದು ಕಾದಂಬರಿಯಲ್ಲಿ ಸೇರಿಸಲಿಲ್ಲ, ಕಾರಂತರೇ ಬರೆದಿಟ್ಟರು. ಪುಟದ ಮೇಲಿರುವುದನ್ನು ಓದುವುದು ರಸಭಂಗವಲ್ಲ. ಅದನ್ನು ಓದದೆ ‘ಸಹನೆಯ ಮೂರ್ತಿ’ ಎಂದು ಬರೆದು ಪುಟ ಮಗುಚುವುದೇ ರಸಕ್ಕೆ ಮಾಡುವ ಅಪಚಾರ.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನಮ್ಮದೊಂದು ವಿನಂತಿ. ಸ್ತ್ರೀಪಾತ್ರವೊಂದರ ಮೇಲೆ ಟಿಪ್ಪಣಿ ಬರೆಯಿಸುವಾಗ ವಿಶೇಷಣಗಳಿಗೆ ಮುಂಚೆ ನಾಲ್ಕು ಪ್ರಶ್ನೆಗಳನ್ನು ಕೊಡಬೇಕು: ಈಕೆ ಏನೇನು ಕೆಲಸ ಮಾಡುತ್ತಾಳೆ? ಅದರ ಫಲ ಯಾರ ಕೈ ಸೇರುತ್ತದೆ? ಮನೆಯ ನೆಲ ಯಾರ ಹೆಸರಿನಲ್ಲಿದೆ? ತೀರ್ಮಾನದ ಹೊತ್ತಿನಲ್ಲಿ ಈಕೆಯ ಮಾತು ನಡೆಯುತ್ತದೆಯೇ? ವಿದ್ಯಾರ್ಥಿಗಳು ಉತ್ತರಗಳನ್ನು ಮೊದಲು ಕಾದಂಬರಿಯಲ್ಲಿ ಹುಡುಕಲಿ, ಆಮೇಲೆ ತಮ್ಮ ಮನೆಯಲ್ಲಿ ಹುಡುಕಲಿ. ಐದನೆಯ ಪ್ರಶ್ನೆಯನ್ನು ಹುಡುಗರಿಗೆಂದೇ ಮೀಸಲಿಡಬೇಕು: ಈ ದಿನ ಉಂಡ ತಟ್ಟೆಯನ್ನು ತೊಳೆದವರು ಯಾರು? ಇದಕ್ಕೆ ಅಂಕಗಳಿಲ್ಲ. ಆದರೆ ‘ಮರಳಿ ಮಣ್ಣಿಗೆ’ಯನ್ನು ನಿಜವಾಗಿ ಓದಿದವನು ಇದಕ್ಕೆ ಉತ್ತರ ಕೊಡದೆ ತಪ್ಪಿಸಿಕೊಳ್ಳಲಾರ.