ಲಾಂಗಲಿ: ಒಂದು ಪಾಠವಿಚಾರ

ಪ್ರಸವವಿಳಂಬದಲ್ಲಿ ಲಾಂಗಲಿಯ ಗೆಡ್ಡೆಯನ್ನು ಅರೆದು ಕೈಕಾಲುಗಳಿಗೆ ಲೇಪಿಸುವ ವಿಧಿ ಆಯುರ್ವೇದ ಪರಂಪರೆಯಲ್ಲಿದೆ. ವೈದ್ಯಗ್ರಂಥಗಳ ಓಲೆಪ್ರತಿಗಳನ್ನು ಪರಿಷ್ಕರಿಸುವವರು ಕೋಶವೊಂದನ್ನೇ ನೆಚ್ಚಿ ಈ ಪದಕ್ಕೆ ಅರ್ಥ ಬರೆಯುವುದು ಸಾಧುವಲ್ಲ. ಅಮರಕೋಶದಲ್ಲಿ ಲಾಂಗಲೀ ಎಂಬುದು ತೆಂಗಿಗೂ ಜಲಪಿಪ್ಪಲಿಗೂ ಸಲ್ಲುತ್ತದೆ. ಇಲ್ಲಿ ಉದ್ದಿಷ್ಟವಾದುದು ಅಗ್ನಿಶಿಖೆ, ಎಂದರೆ ಗೌರಿಹೂವಿನ ಬಳ್ಳಿ. ಭಾವಪ್ರಕಾಶವು ಇದನ್ನು 'ಗರ್ಭನುತ್' ಎಂದೂ ಕರೆದಿದೆ. ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದ್ದು, ಸೇವಿಸಿದರೆ ಪ್ರಾಣಾಂತಿಕ.

'ಲೇಪ', 'ಪಾನ' ಎರಡೂ ಗುರು-ಲಘುಗಳೇ. ತ್ರುಟಿತ ಗರಿಯಲ್ಲಿ ಛಂದಸ್ಸಿಗೆ ಒಪ್ಪಿತೆಂದು ಊಹೆಯಿಂದ 'ಪಾನ'ವನ್ನು ತುಂಬಿದರೆ ತಾಯಿಯ ಪ್ರಾಣಕ್ಕೇ ಅಪಾಯ. ಕಲ್ಯಾಣಕಾರಕವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು ಔಷಧದಲ್ಲಿಯೂ ಮಾಂಸವನ್ನು ನಿಷೇಧಿಸಿದರು. ಆ ಪರಂಪರೆಯ ಸಂಪಾದಕನು ಪ್ರಮಾದವೇ ಹಿಂಸೆಯ ಮೂಲವೆಂಬುದನ್ನು ಮರೆಯಲಾಗದು. ಸಂದೇಹವಿದ್ದೆಡೆ ಸ್ಥಳವನ್ನು ಬರಿದಾಗಿ ಬಿಡುವುದೇ ಲೇಸು.