ನೆನಪಿನ ಚಿತ್ರ, ಚರಿತ್ರೆಯ ಸಾಕ್ಷ್ಯ

ಛಾಯಾಚಿತ್ರವು ಸತ್ಯವನ್ನು ಇದ್ದಂತೆಯೇ ಹಿಡಿದಿಡುತ್ತದೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ಬಲವಾಗಿದೆ. ಶಾಸನವನ್ನು ಓದುವಾಗ ಅದನ್ನು ಹಾಕಿಸಿದವರಾರು, ಯಾವ ಉದ್ದೇಶದಿಂದ ಹಾಕಿಸಿದರು ಎಂದು ಕೇಳುವ ನಾವು, ಚಿತ್ರವನ್ನು ಕಂಡೊಡನೆ ಆ ಪ್ರಶ್ನೆಗಳನ್ನು ಮರೆತುಬಿಡುತ್ತೇವೆ. ಈ ಮರವೆಯನ್ನು ಕಳೆಯುವ ಕಾರ್ಯವನ್ನು ಕರ್ನಾಟಕದ ಕೆಲವು ಛಾಯಾಚಿತ್ರ ಕಲಾವಿದರು ಕೈಗೊಂಡಿದ್ದಾರೆ. ಅವರ ಕೃತಿಗಳು ಇತಿಹಾಸದ ವಿದ್ಯಾರ್ಥಿಗೆ ಏನನ್ನು ಕಲಿಸಬಲ್ಲವೆಂಬುದು ವಿಚಾರಾರ್ಹ.

ನಮ್ಮ ಸೀಮೆಗೆ ಕ್ಯಾಮರಾ ಬಂದುದು ಕಟ್ಟಡಗಳಿಗಾಗಿ. ೧೮೫೫ರಲ್ಲಿ ಸೇನಾಧಿಕಾರಿ ಥಾಮಸ್ ಬಿಗ್ಸ್ ಬಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳನ್ನು ಚಿತ್ರಿಸಿದನು. ಇವುಗಳಲ್ಲಿ ಐಹೊಳೆಯು ಮರೋಳವಿರುವ ಹುನಗುಂದ ಸೀಮೆಯದೇ. ೧೮೬೬ರಲ್ಲಿ ಈ ಬಗೆಯ ಚಿತ್ರಗಳು ದೊಡ್ಡ ಸಂಪುಟಗಳಾಗಿ ಪ್ರಕಟವಾದುವು. ತರುವಾಯ ಸರಕಾರದ ಆಶ್ರಯದಲ್ಲಿ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳು (೧೮೬೮–೭೫) ಹೊರಬಂದು, ಜನರನ್ನು ಜಾತಿ-ಬುಡಕಟ್ಟುಗಳ ಮಾದರಿಗಳೆಂದು ವಿಂಗಡಿಸಿದುವು. ಗುಡಿಗೆ ಅದರ ಹೆಸರು ದೊರೆಯಿತು. ಮನುಷ್ಯನಿಗೆ ಬಹುಮಟ್ಟಿಗೆ ದೊರೆತುದು ಪಂಗಡದ ಹೆಸರು ಮಾತ್ರ.

ಬೆಂಗಳೂರಿನ ಎನ್. ಪುಷ್ಪಮಾಲಾ ಈ ಪರಂಪರೆಯನ್ನೇ ತಮ್ಮ ವಸ್ತುವನ್ನಾಗಿ ಮಾಡಿಕೊಂಡರು. ಮೂಲತಃ ಶಿಲ್ಪಕಲೆಯನ್ನು ಅಭ್ಯಸಿಸಿದ ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ ೨೦೦೦ದಿಂದ ೨೦೦೪ರ ವರೆಗೆ ರಚಿಸಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಮಾಲೆಯಲ್ಲಿ ತಾವೇ ಪಾತ್ರಧಾರಿಣಿಯಾಗಿದ್ದಾರೆ. ರವಿವರ್ಮನ ನಾಯಿಕೆ, ಬಿಜಾಪುರದ ದಖನಿ ಚಿತ್ರದ ಯೋಗಿನಿ, ಪತ್ರಿಕೆಯ ಚಿತ್ರದಲ್ಲಿ ಸಿಕ್ಕಿಬಿದ್ದ ಅಪರಾಧಿ, ಚೌಕುಳಿ ಪರದೆಯ ಮುಂದೆ ಅಳತೆಗಾಗಿ ನಿಂತ ತೋಡ ಸ್ತ್ರೀ: ಎಲ್ಲರೂ ಅವರೇ. ಒಂದೇ ದೇಹವು ಇಷ್ಟೊಂದು ‘ಮಾದರಿ’ಗಳಾಗಬಲ್ಲುದಾದರೆ ಮಾದರಿಯೆಂಬುದೇ ಒಂದು ವೇಷವೆಂದು ಸಿದ್ಧವಾಗುತ್ತದೆ. ಮಾನವಶಾಸ್ತ್ರದ ಚೌಕುಳಿಗೂ ಚಲನಚಿತ್ರದ ಪರದೆಗೂ ಇರುವ ನಂಟನ್ನು ಅನೇಕ ಪ್ರಬಂಧಗಳಿಗಿಂತ ಚೆನ್ನಾಗಿ ಈ ಚಿತ್ರಗಳು ತೋರಿಸುತ್ತವೆ.

ಆದರೂ ಈ ಮಾಲೆಗೆ ಒಂದು ಮಿತಿಯುಂಟು. ಮೂಲಚಿತ್ರವನ್ನು ಬಲ್ಲವನಿಗೆ ಮಾತ್ರ ಇದರ ವ್ಯಂಗ್ಯ ಪೂರ್ಣವಾಗಿ ಒಲಿಯುತ್ತದೆ. ಅಲ್ಲದೆ, ಅಳತೆಗೆ ನಿಂತ ಆ ಹೆಸರಿಲ್ಲದ ಹೆಣ್ಣು ಇಲ್ಲಿಯೂ ಹೆಸರಿಲ್ಲದವಳಾಗಿಯೇ ಉಳಿಯುತ್ತಾಳೆ. ಅವಳನ್ನು ನೋಡಿದ ಕಣ್ಣಿನ ವಿಚಾರಣೆ ನಡೆಯಿತು. ಅವಳ ನೆನಪು ಮರಳಿ ಬರಲಿಲ್ಲ.

ಕಾಪ್ ಶಿವ ಎಂದು ಪ್ರಸಿದ್ಧರಾದ, ಬೆಂಗಳೂರಿನಲ್ಲಿ ಪೊಲೀಸ್ ಪೇದೆಯಾಗಿದ್ದ ಶಿವರಾಜು ಅವರ ‘ಬೀಯಿಂಗ್ ಗಾಂಧಿ’ ಮಾಲೆ ಬೇರೊಂದು ದಾರಿಯನ್ನು ಹಿಡಿದಿದೆ. ಮೈಗೆ ಬೆಳ್ಳಿಬಣ್ಣ ಬಳಿದುಕೊಂಡು ಗಾಂಧೀಜಿಯ ವೇಷದಲ್ಲಿ ನಿಲ್ಲುವ ಹಳ್ಳಿಯ ಶಾಲಾಶಿಕ್ಷಕರೊಬ್ಬರು ಇದರ ನಾಯಕರು. ಇಲ್ಲಿಯೂ ವೇಷವುಂಟು, ಆದರೆ ಅದನ್ನು ಆಯ್ದುಕೊಂಡವರು ಚಿತ್ರಿತರಾದವರೇ ಹೊರತು ಚಿತ್ರಕಾರರಲ್ಲ. ವಿಮರ್ಶೆಯ ಹರಿತದಲ್ಲಿ ಪುಷ್ಪಮಾಲಾ ಮೇಲು. ಎದುರಿಗಿರುವ ಮನುಷ್ಯನಿಗೆ ಎಡೆಗೊಡುವುದರಲ್ಲಿ ಶಿವ ಅವರದು ಒಂದು ಕೈ ಮೇಲು.

ಈ ವಿವೇಚನೆಯಿಂದ ನಮ್ಮ ಜಿಲ್ಲೆಗೆ ಪ್ರಯೋಜನವೇನು? ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಹಿನ್ನೀರಿನಲ್ಲಿ ಇಲ್ಲಿಯ ಅನೇಕ ಹಳ್ಳಿಗಳು ಮುಳುಗಿದುವು. ಹಳೆಯ ಬಾಗಲಕೋಟೆಯ ಎಷ್ಟೋ ಮನೆತನಗಳು ನವನಗರಕ್ಕೆ ಸಾಗಿದುವು. ಕೂಡಲಸಂಗಮದ ಐಕ್ಯಮಂಟಪವನ್ನು ಸುತ್ತುಗೋಡೆ ಕಟ್ಟಿ ಉಳಿಸಿಕೊಂಡೆವು, ಅದು ಉಚಿತವೇ. ಮನೆಗಳಿಗೆ ಅಂಥ ಗೋಡೆಯಿರಲಿಲ್ಲ. ಅದೇ ಹಿನ್ನೀರನ್ನೆತ್ತಿ ಮರೋಳ ಸೀಮೆಯ ಹೊಲಗಳಿಗೆ ಹನಿ ನೀರಾವರಿ ಕಲ್ಪಿಸಲಾಗಿದೆ. ಆ ಯೋಜನೆಯ ನಕ್ಷೆಗಳು ಕಚೇರಿಯಲ್ಲಿವೆ; ಮುಳುಗಿದ ಪಡಸಾಲೆ, ಕಟ್ಟೆ, ಅಂಗಳಗಳು ಉಳಿದಿರುವುದು ಕುಟುಂಬಗಳ ಟ್ರಂಕಿನಲ್ಲಿರುವ ಮದುವೆಯ ಚಿತ್ರಗಳ ಹಿನ್ನೆಲೆಯಲ್ಲಿ.

ಅವು ತೇವಕ್ಕೂ ಗೆದ್ದಲಿಗೂ ತುತ್ತಾಗುವ ಮೊದಲೇ ನಮ್ಮ ಕಾಲೇಜುಗಳು ಅವುಗಳ ಪ್ರತಿಗಳನ್ನು ಸಂಗ್ರಹಿಸಬೇಕು. ಚಿತ್ರದಲ್ಲಿ ಇರುವವರಾರು, ತೆಗೆದವರಾರು, ಯಾವ ಸಂದರ್ಭಕ್ಕೆ ತೆಗೆಸಿದುದು, ಉಟ್ಟುದು ಸ್ವಂತದ್ದೋ ಎರವಲೋ ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಬೇಕು. ಮದುವೆಯ ಚಿತ್ರವೂ ಒಂದು ಭಂಗಿಯೇ ಎಂಬ ಎಚ್ಚರವನ್ನು ಪುಷ್ಪಮಾಲಾ ಅವರಿಂದ ಕಲಿಯೋಣ. ಆ ಭಂಗಿಯಲ್ಲಿ ನಿಂತವರಿಗೆ ಹೆಸರುಂಟೆಂಬುದನ್ನು ನಾವೇ ನೆನಪಿನಲ್ಲಿಡಬೇಕು. ಬಿಗ್ಸನು ಗುಡಿಗಳಿಗೆ ಮಾಡಿದಷ್ಟನ್ನಾದರೂ ನಾವು ನಮ್ಮ ಮನೆಗಳಿಗೆ ಮಾಡದಿದ್ದರೆ, ಮುಂದಿನ ಚರಿತ್ರಕಾರನು ಈ ಸೀಮೆಯಲ್ಲಿ ಕಲ್ಲುಗಳನ್ನು ಕಂಡಾನು, ಜನರನ್ನು ಕಾಣಲಾರನು.