ಉದುರನ್ನ ಇಲ್ಲಿ ಬೇಡ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಊಟವೆಂದರೆ ಮೊದಲು ರೊಟ್ಟಿ. ಅನ್ನ ಕೊನೆಗೆ ಬರುತ್ತದೆ. ಉಳಿದರೆ ಕಡಲೆಹಿಟ್ಟು, ಉಳ್ಳಾಗಡ್ಡಿ, ಜೀರಿಗೆ ಕೂಡಿಸಿ ವಡೆ ಕರಿದರಾಯಿತು. ಅನ್ನದ ಉಂಡೆಗೆ ಹೂರಣ ತುಂಬಿ ಕರಿಯುವ ಸಿಸಿಲಿಯ ಅರಾಂಚೀನಿಯೂ ಅದೇ ತಾನೆ ಎನ್ನುವವರನ್ನು ನಾನು ಒಪ್ಪಲಾರೆ. ವಡೆಯಲ್ಲಿ ಅನ್ನವನ್ನು ಹಿಡಿದಿಡುವುದು ಹಿಟ್ಟು. ಅರಾಂಚೀನಿಯ ಅನ್ನ ತನ್ನ ಜಿಗುಟಿನಿಂದಲೇ ನಿಲ್ಲಬೇಕು.

ಕಾಳು ಕಾಳಾಗಿ ಉದುರಿದ ಅನ್ನಕ್ಕೆ ನಮ್ಮಲ್ಲಿ ಭಾರಿ ಮರ್ಯಾದೆ. ಈ ತಿಂಡಿಗೆ ಆ ಮರ್ಯಾದೆಯೇ ಅಡ್ಡಿ. ಬಾಸಮತಿ, ಸೋನಾ ಮಸೂರಿ ಎರಡನ್ನೂ ಡಬ್ಬಿಯಲ್ಲೇ ಬಿಡಿ. ಇಟಲಿಯ ಅರ್ಬೋರಿಯೋ ಹುಡುಕಿಕೊಂಡು ಬೆಳಗಾವಿಗೆ ಬಸ್ ಹತ್ತುವುದೂ ಬೇಡ. ಖಾನಾಪುರ ಕಡೆ ಬೆಳೆಯುವ ಇಂದ್ರಾಯಣಿ ಸಾಕು. ಅಂಬೆಮೋಹರ ಮತ್ತು ಐಆರ್-8 ತಳಿಗಳನ್ನು ಕೂಡಿಸಿ ತೆಗೆದ ಈ ಅಕ್ಕಿ ಬೆಂದ ಮೇಲೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಜೊತೆಗೆ ಘಮಲೂ ಇದೆ. ತೊಳೆಯುವುದಾದರೆ ಒಂದೇ ನೀರು. ಹೆಚ್ಚು ತೊಳೆದರೆ ಜಿಗುಟು ಮೋರಿ ಸೇರುತ್ತದೆ.

ಕಾಲು ಕಿಲೋ ಅಕ್ಕಿಗೆ ಸುಮಾರು 600 ಮಿಲಿ ನೀರು, ಉಪ್ಪು, ಬಣ್ಣಕ್ಕೆ ಕೇಸರಿ. ಕೇಸರಿ ದುಬಾರಿ ಎನಿಸಿದರೆ ಚಿಟಿಕೆ ಅರಿಷಿಣ, ಅದಕ್ಕಿಂತ ಹೆಚ್ಚಾದರೆ ಚಿತ್ರಾನ್ನವಾದೀತು. ನೀರೆಲ್ಲ ಹೀರಿದ ಮೇಲೆ ಒಂದು ಚಮಚ ಬೆಣ್ಣೆ ಕಲಸಿ ಪರಾತದಲ್ಲಿ ತೆಳ್ಳಗೆ ಹರವಿ. ಆರಿದ ಕೂಡಲೇ ಫ್ರಿಜ್ಜಿಗೆ. ರಾತ್ರಿಯಿಡೀ ಹೊರಗಿಟ್ಟ ಅನ್ನ ಹೊಟ್ಟೆಗೆ ಒಳ್ಳೆಯದಲ್ಲ. ತಣ್ಣಗಾದಂತೆ ಅನ್ನದ ಪಿಷ್ಟ ಬಿಗಿಯುತ್ತದೆ, ಉಂಡೆ ಬಿರುಕು ಬಿಡುವುದಿಲ್ಲ. ಬಿಸಿ ಅನ್ನದಲ್ಲೇ ಉಂಡೆ ಕಟ್ಟಹೊರಟವರಿಗೆ ನನ್ನ ಬಳಿ ಔಷಧವಿಲ್ಲ.

ಹೂರಣಕ್ಕೆ ಸಿಸಿಲಿಯಲ್ಲಿ ಖೀಮಾ, ಬಟಾಣಿ, ಟೊಮೆಟೊ, ಚೀಸು. ಮಾಂಸ ತಿನ್ನದ ಮನೆಯಲ್ಲಿ ಬಟಾಣಿ, ಟೊಮೆಟೊಗಳನ್ನು ನೀರಿಂಗುವ ತನಕ ಹುರಿದು, ಸಂಕೇಶ್ವರಿ ಮೆಣಸಿನಕಾಯಿಯ ಖಾರಪುಡಿ ಹಾಕಬಹುದು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಹೆಸರು ಹೊತ್ತ ಆ ಮೆಣಸಿನಕಾಯಿಯ ಖಾರ ಬ್ಯಾಡಗಿಯಂತೆ ಸೌಮ್ಯವಲ್ಲ, ಕೈ ಬಿಗಿ ಹಿಡಿಯಿರಿ. ನಡುವೆ ಮೊಜರೆಲ್ಲಾ ತುಂಡು. ಪನೀರು ಕರಗುವುದಿಲ್ಲ, ಆದ್ದರಿಂದ ಅದರ ಮಾತೇ ಬೇಡ.

ಮೊಟ್ಟೆಯ ಚಿಂತೆಯೂ ಇಲ್ಲ. ಸಿಸಿಲಿಯಲ್ಲೇ ಅನೇಕರು ಉಂಡೆಯನ್ನು ಮೈದಾ ಮತ್ತು ನೀರಿನ ತೆಳು ಹಿಟ್ಟಿನಲ್ಲಿ ಅದ್ದಿ, ಬ್ರೆಡ್ ಪುಡಿಯಲ್ಲಿ ಹೊರಳಿಸುತ್ತಾರೆ. ಒಣಗಿದ ಪಾವಿನ ಪುಡಿ ಒಳ್ಳೆಯದು. ಚಹಾಕ್ಕೆ ಅದ್ದಿ ತಿನ್ನುವ ಟೋಸ್ಟು ಬೇಡ, ಅದರ ಸಕ್ಕರೆ ಒಳಗು ಬಿಸಿಯಾಗುವ ಮೊದಲೇ ಕಪ್ಪಾಗುತ್ತದೆ.

ಕರಿಯುವ ಹದವನ್ನು ಗೋಕಾಕದವರಿಗೆ ಹೇಳಿಕೊಡಬೇಕಿಲ್ಲ. ಕರದಂಟಿಗೆ ಅಂಟು ಕರಿಯುವಾಗ ತುಪ್ಪ ಕಾಯದಿದ್ದರೆ ಅಂಟು ಅರಳದೆ ಹಲ್ಲಿಗೆ ಮೆತ್ತುತ್ತದೆ. ಅತಿ ಕಾದರೆ ಮೇಲೆ ಸುಟ್ಟು ಒಳಗೆ ಗಟ್ಟಿಯೇ ಉಳಿಯುತ್ತದೆ. ಇಲ್ಲೂ ಅದೇ ಕಣ್ಣು ಬೇಕು: ಶೇಂಗಾ ಎಣ್ಣೆ 170ರಿಂದ 180 ಡಿಗ್ರಿ, ಉಂಡೆ ಮುಳುಗುವಷ್ಟು, ಒಂದು ಸಲಕ್ಕೆ ಮೂರೋ ನಾಲ್ಕೋ. ಅಂಗಡಿಯ ಅರಾಂಚೀನಿ ಕಿತ್ತಳೆ ಗಾತ್ರದ್ದು. ಮನೆಯಲ್ಲಿ ನಿಂಬೆಗಿಂತ ಕೊಂಚ ದೊಡ್ಡದಿದ್ದರೆ ಸಾಕು, ಒಳಗಿನ ಚೀಸು ಕರಗಲು ಹೊತ್ತು ಹಿಡಿಯುವುದಿಲ್ಲ.

ಸಿಸಿಲಿಯ ಪಲೆರ್ಮೊ ನಗರದಲ್ಲಿ ಡಿಸೆಂಬರ್ 13, ಸಂತ ಲೂಸಿಯಾ ಹಬ್ಬದಂದು ಬ್ರೆಡ್, ಪಾಸ್ತಾ ಮುಟ್ಟದೆ ಇದನ್ನೇ ತಿನ್ನುವ ವಾಡಿಕೆ. 1646ರ ಬರಗಾಲದಲ್ಲಿ ಆ ದಿನ ಧಾನ್ಯದ ಹಡಗು ಬಂತು, ಹಸಿದ ಜನ ಹಿಟ್ಟು ಬೀಸುವಷ್ಟೂ ತಡೆಯದೆ ಕಾಳನ್ನೇ ಬೇಯಿಸಿ ತಿಂದರು ಎಂಬುದು ಅಲ್ಲಿನ ಕಥೆ. ಒಂದು ದಿನ ರೊಟ್ಟಿ ಬಿಡಿ ಎಂದರೆ ಮೂಡಲಗಿಯಲ್ಲಿ ಯಾರು ಕೇಳುತ್ತಾರೆ? ಹಾಗಾಗಿ ಇದನ್ನು ಸಂಜೆ ಚಹಾದ ಹೊತ್ತಿಗೆ ಇಟ್ಟುಕೊಳ್ಳಿ. ಜೊತೆಗೆ ಶೇಂಗಾ ಚಟ್ನಿ ಬಡಿಸುವವರಿದ್ದಾರೆ, ನನ್ನ ತಕರಾರಿಲ್ಲ. ಕೆಚಪ್ ಬಾಟಲಿ ಮಾತ್ರ ಒಳಗೇ ಇರಲಿ.